ಶೀಟು ಮಾಡಿನ ಗ್ಯಾರೇಜು, ಅಂಗಡಿಯೊಳಗೆ ಸೆಕೆ ತಡೆಯುವುದು ಹೇಗೆ? ಕಡಿಮೆ ಖರ್ಚಿನ ಪೂರ್ತಿ ಮಾಹಿತಿ

ಮಂಗಳೂರು: ಮಾರ್ಚ್ ಶುರುವಾದರೆ ಮೇ ಕೊನೆಯವರೆಗೆ ಶೀಟು ಮಾಡಿನ ಕೆಳಗೆ ಕೆಲಸ ಮಾಡುವವರಿಗೆ ಮಧ್ಯಾಹ್ನ ಕಳೆಯುವುದೇ ದೊಡ್ಡ ಕೆಲಸ. ಯೆಯ್ಯಾಡಿ, ಬೈಕಂಪಾಡಿ, ಕೂಳೂರು, ಪಂಪ್‌ವೆಲ್ ಕಡೆಯ ಗ್ಯಾರೇಜುಗಳಿರಲಿ, ಗಲ್ಲಿಯೊಳಗಿನ ದಿನಸಿ ಅಂಗಡಿ, ಟೈಲರ್ ಅಂಗಡಿ, ಮನೆ ಪಕ್ಕದ ಕಾರ್ ಶೆಡ್ ಇರಲಿ, 12 ಗಂಟೆಯಿಂದ 4 ಗಂಟೆವರೆಗೆ ಒಳಗೆ ನಿಲ್ಲುವುದು ಕಷ್ಟ. ಫ್ಯಾನ್ ಹಾಕಿದರೆ ಬಿಸಿಗಾಳಿ. ಎದುರು ಪೂರ್ತಿ ತೆರೆದಿರುವ ಅಂಗಡಿಗೆ ಎಸಿ ಹಾಕಿದರೆ ಕರೆಂಟ್ ಬಿಲ್ ಬಿಟ್ಟರೆ ಬೇರೇನೂ ಸಿಗದು.

ಸೆಕೆಯಿಂದ ಮನುಷ್ಯರಿಗೆ ಮಾತ್ರ ತೊಂದರೆ ಅಲ್ಲ. ಇನ್ವರ್ಟರ್‌ನ ಲೆಡ್-ಆಸಿಡ್ ಬ್ಯಾಟರಿ ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದ್ದರೆ ಪೂರ್ತಿ ಬಾಳಿಕೆ ಕೊಡುತ್ತದೆ. ಅದಕ್ಕಿಂತ 10 ಡಿಗ್ರಿ ಹೆಚ್ಚಿನ ಬಿಸಿಯಲ್ಲೇ ಸದಾ ಇದ್ದರೆ ಬಾಳಿಕೆ ಅರ್ಧಕ್ಕೆ ಇಳಿಯುತ್ತದೆ. ಫ್ರಿಜ್, ಫ್ರೀಜರ್ ಬಿಡುವಿಲ್ಲದೆ ಓಡುತ್ತವೆ. ಚಾಕಲೇಟು, ಬೇಕರಿ ತಿಂಡಿ, ಔಷಧಿ, ಅಂಟು, ಪೇಂಟು ಎಲ್ಲವೂ ಬೇಗ ಹಾಳಾಗುತ್ತವೆ.

ಇದಕ್ಕೆ ಲಕ್ಷಗಟ್ಟಲೆ ಖರ್ಚು ಬೇಕಿಲ್ಲ. ಆದರೆ ಯಾವ ಕೆಲಸ ಮೊದಲು, ಯಾವುದು ನಂತರ ಎಂದು ಗೊತ್ತಿರಬೇಕು. ಮಂಗಳೂರಿನ ಹವೆಗೆ ಸರಿಯಾದ ಕ್ರಮ ಹೀಗಿದೆ: ಮೊದಲು ಬಿಸಿಗಾಳಿ ಹೊರಗೆ ಹೋಗಲು ದಾರಿ, ನಂತರ ಶೀಟಿನ ಮೇಲೆ ನೆರಳು ಅಥವಾ ಬಿಳಿ ಬಣ್ಣ, ಕೊನೆಗೆ ಶೀಟಿನ ಕೆಳಗೆ ಫಾಯಿಲ್. ಹೆಚ್ಚಿನವರು ಕೊನೆಯದರಿಂದ ಶುರು ಮಾಡುತ್ತಾರೆ, ಅದನ್ನೂ ಥರ್ಮಾಕೋಲ್ ಅಂಟಿಸಿ ಮಾಡುತ್ತಾರೆ. ಹಣ ವ್ಯರ್ಥವಾಗುವುದು ಅಲ್ಲೇ.

ಸೆಕೆ ಬರುವುದು ಎಲ್ಲಿಂದ?

ಬೇಸಿಗೆಯ ಮಧ್ಯಾಹ್ನ ಒಂದು ಚದರ ಮೀಟರ್ ಮಾಡಿನ ಮೇಲೆ ಬೀಳುವ ಬಿಸಿಲಿನ ಶಕ್ತಿ ಸುಮಾರು 1,000 ವ್ಯಾಟ್. 10 ಅಡಿ ಅಗಲ, 20 ಅಡಿ ಉದ್ದದ ಸಣ್ಣ ಗ್ಯಾರೇಜಿನ ಮಾಡು ಸುಮಾರು 18.5 ಚದರ ಮೀಟರ್ ಆಗುತ್ತದೆ. ಅಂದರೆ 1,000 ವ್ಯಾಟಿನ 18 ಹೀಟರ್‌ಗಳನ್ನು ತಲೆ ಮೇಲೆ ಉರಿಸಿದ ಹಾಗೆ. ಅದರಲ್ಲಿ ಎಷ್ಟು ವಾಪಸ್ ಹೋಗುತ್ತದೆ, ಎಷ್ಟು ಒಳಗೆ ಇಳಿಯುತ್ತದೆ ಎಂಬುದು ಶೀಟಿನ ಬಣ್ಣ ಮತ್ತು ಕೆಳಗಿನ ವ್ಯವಸ್ಥೆಯ ಮೇಲೆ ನಿಂತಿದೆ.

ತುಕ್ಕು ಹಿಡಿದ ಅಥವಾ ಗಾಢ ಬಣ್ಣದ ಶೀಟು ಮಧ್ಯಾಹ್ನ 60 ಡಿಗ್ರಿ ದಾಟುವುದು ಸಾಮಾನ್ಯ. ಒಳಗಿನ ಗಾಳಿ 35 ಡಿಗ್ರಿ ಇದ್ದರೂ ತಲೆ, ಹೆಗಲು ಸುಡುವ ಹಾಗೆ ಅನಿಸುವುದು ಇದೇ ಕಾರಣಕ್ಕೆ. ಒಲೆಯ ಹತ್ತಿರ ಕೂತರೆ ಗಾಳಿ ಬಿಸಿ ಇಲ್ಲದಿದ್ದರೂ ಮುಖಕ್ಕೆ ಶಾಖ ತಾಗುತ್ತದಲ್ಲ, ಹಾಗೆಯೇ ಕಾದ ಶೀಟೂ ಕೆಳಗಿದ್ದವರ ಮೇಲೆ ನೇರವಾಗಿ ಶಾಖ ಬೀರುತ್ತದೆ. ಜೊತೆಗೆ ಬಿಸಿಗಾಳಿ ಮೇಲೇರಿ ಶೀಟಿನ ಅಡಿಯಲ್ಲೇ ನಿಲ್ಲುತ್ತದೆ. ಸೀಲಿಂಗ್ ಫ್ಯಾನ್ ಆ ಗಾಳಿಯನ್ನೇ ಕೆಳಗೆ ತಳ್ಳುತ್ತದೆ.

ಕರಾವಳಿಯಲ್ಲಿ ಇನ್ನೊಂದು ತೊಂದರೆ ತೇವಾಂಶ. ಬೆವರು ಬೇಗ ಆರುವುದಿಲ್ಲ. ಬಯಲುಸೀಮೆಯಲ್ಲಿ 40 ಡಿಗ್ರಿ ದಾಟಿದರೆ ಬಿಸಿಗಾಳಿ ಎನ್ನುವ ಹವಾಮಾನ ಇಲಾಖೆ, ಕರಾವಳಿಗೆ 37 ಡಿಗ್ರಿಯನ್ನೇ ಗಡಿಯಾಗಿ ಇಟ್ಟುಕೊಂಡಿದೆ (ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಹೆಚ್ಚಿದ್ದರೆ).

ಹಂಚಿನ ಮಾಡು ಯಾಕೆ ತಂಪು?

ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್‌ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಮಂಗಳೂರು ಹಂಚು ದೇಶ ವಿದೇಶಕ್ಕೆ ಹೋಯಿತು. ಆ ಮಾಡಿನ ಕೆಳಗೆ ಸೆಕೆ ಕಡಿಮೆ ಇರುವುದಕ್ಕೆ ಮಣ್ಣು ಮಾತ್ರ ಕಾರಣ ಅಲ್ಲ. ಹಂಚು ಹಂಚಿನ ನಡುವಿನ ಸಂದಿಯಿಂದ ಬಿಸಿಗಾಳಿ ಸುಲಭವಾಗಿ ಹೊರಗೆ ಹೋಗುತ್ತದೆ. ಸ್ವಲ್ಪ ಅನುಕೂಲ ಇದ್ದ ಮನೆಗಳಲ್ಲಿ ಮೇಲಿನ ಹಂಚಿನ ಅಡಿಗೆ ಸೀಲಿಂಗ್ ಹಂಚು ಅಥವಾ ಮರದ ಮುಚ್ಚಿಗೆ ಇರುತ್ತಿತ್ತು. ಎರಡರ ನಡುವೆ ಗಾಳಿಗೆ ಜಾಗ ಇತ್ತು.

ಹಂಚು ತೆಗೆದು ಶೀಟು ಹಾಕಿದಾಗ ಸೋರುವುದು ನಿಂತಿತು, ಆದರೆ ಸಂದಿಯೂ ಹೋಯಿತು, ನಡುವಿನ ಗಾಳಿಯ ಪದರವೂ ಹೋಯಿತು. ಈಗ ಮಾಡಬೇಕಾದ್ದು ಇವೆರಡನ್ನು ವಾಪಸ್ ತರುವ ಕೆಲಸ.

ಯೂಟ್ಯೂಬ್‌ನಲ್ಲಿ ಗ್ಯಾರೇಜ್ ಸೀಲಿಂಗ್ ಬಗ್ಗೆ ಹುಡುಕಿದರೆ ಸಿಗುವ ಅಮೆರಿಕ, ಯುರೋಪಿನ ವಿಡಿಯೊಗಳನ್ನು ಹಾಗೇ ಅನುಸರಿಸಬೇಡಿ. ಅವುಗಳಲ್ಲಿ ಹೆಚ್ಚಿನವು ಚಳಿಗೆ ಒಳಗಿನ ಬಿಸಿ ಹೊರಗೆ ಹೋಗದಂತೆ ಸಂದಿ ಮುಚ್ಚಿ, ಹತ್ತಿಯಂಥ ದಪ್ಪ ಪದರ ತುಂಬುವ ವಿಧಾನ. ಇಲ್ಲಿ ಬೇಕಾದ್ದು ಬಿಸಿಲು ಒಳಗೆ ಬಾರದ ಹಾಗೆ ತಡೆದು, ಒಳಗಿನ ಬಿಸಿಗಾಳಿಯನ್ನು ಹೊರಗೆ ಬಿಡುವುದು.

1. ಬಿಸಿಗಾಳಿಗೆ ದಾರಿ ಮಾಡಿ

ಅತಿ ಕಡಿಮೆ ಖರ್ಚಿನ ಕೆಲಸ ಇದು. ಮಾಡಿನ ನೆತ್ತಿಯ ಹತ್ತಿರ, ಎರಡೂ ತುದಿಯ ಗೋಡೆಯಲ್ಲಿ ಕಿಂಡಿ ಬಿಡಿಸಿ. ಮಳೆ ನೀರು ಒಳಗೆ ಎರಚದಂತೆ ಹೊರಗಿನಿಂದ ಒಂದು ತುಂಡು ಶೀಟನ್ನು ಇಳಿಜಾರಾಗಿ ಕೂರಿಸಿ, ಒಳಗಿನಿಂದ ಬಲೆ ಹಾಕಿದರೆ ಹಕ್ಕಿ, ಇಲಿ ಬರುವುದಿಲ್ಲ.

ಮೇಲೆ ಕಿಂಡಿ ಮಾಡಿದರೆ ಸಾಲದು, ಕೆಳಗಿನಿಂದ ಗಾಳಿ ಒಳಗೆ ಬರಬೇಕು. ಮಧ್ಯಾಹ್ನದ ನಂತರ ಇಲ್ಲಿ ಗಾಳಿ ಬೀಸುವುದು ಕಡಲಿನ ಕಡೆಯಿಂದ, ಅಂದರೆ ಪಶ್ಚಿಮದಿಂದ. ಆ ಬದಿಯ ಕಿಟಕಿ, ಕಿಂಡಿಗೆ ಅಡ್ಡವಾಗಿ ರಟ್ಟಿನ ಪೆಟ್ಟಿಗೆ, ಹಳೆ ಟಯರ್ ರಾಶಿ ಹಾಕಿದ್ದರೆ ಮೊದಲು ತೆಗೆಯಿರಿ. ಸಂಜೆ ಬಿಸಿಲೂ ಅದೇ ಬದಿಯಿಂದ ಬರುವುದರಿಂದ ಹೊರಗೆ ಸಣ್ಣ ನೆರಳು ಬೇಕು.

ಬೆಳಕಿಗಾಗಿ ಮಾಡಿಗೆ ಪಾರದರ್ಶಕ ಶೀಟು ಹಾಕಿದ್ದರೆ ಬೇಸಿಗೆ ಮೂರು ತಿಂಗಳು ಅದರ ಮೇಲೆ ಏನಾದರೂ ಮುಚ್ಚಿ. ಬಿಸಿಲು ನೇರ ಒಳಗೆ ಬರುವುದು ಅಲ್ಲಿಂದಲೇ. ಶೀಟಿನ ಹತ್ತಿರ ತಿರುಗುವ ಸೀಲಿಂಗ್ ಫ್ಯಾನ್ ಬದಲು ಗೋಡೆ ಫ್ಯಾನ್ ಅಥವಾ ನಿಲ್ಲಿಸುವ ಫ್ಯಾನ್ ಬಳಸಿದರೂ ವ್ಯತ್ಯಾಸ ಗೊತ್ತಾಗುತ್ತದೆ.

2. ಶೀಟಿನ ಮೇಲೆ ನೆರಳು

ಬಿಸಿಲು ಶೀಟಿಗೆ ತಾಗುವ ಮೊದಲೇ ತಡೆಯುವುದು ಎಲ್ಲಕ್ಕಿಂತ ಉತ್ತಮ. ಅಂಗಳಕ್ಕೆ ಸೋಗೆ ಚಪ್ಪರ ಹಾಕುವ ನಮ್ಮ ಊರಿನವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ.

- ಮಡಲು, ಸೋಗೆ: ತೋಟ ಇದ್ದವರಿಗೆ ಖರ್ಚೇ ಇಲ್ಲ. ಆದರೆ ನೇರ ಶೀಟಿನ ಮೇಲೆ ಹರಡಿದರೆ ಮಳೆ ಬಿದ್ದ ಕೂಡಲೇ ಕೊಳೆತು ಶೀಟು ತುಕ್ಕು ಹಿಡಿಯುತ್ತದೆ. ಮೇ ಮೂರನೇ ವಾರದೊಳಗೆ ತೆಗೆದುಬಿಡಿ. ವೆಲ್ಡಿಂಗ್ ಮಾಡುವ ಗ್ಯಾರೇಜಿಗೆ, ಹೋಟೆಲ್ ಹೊಗೆ ಕೊಳವೆ ಇರುವ ಕಡೆಗೆ ಬೇಡವೇ ಬೇಡ.
- ಶೇಡ್ ನೆಟ್: ನರ್ಸರಿಯವರು ಬಳಸುವ ಹಸಿರು ಬಲೆ. ಶೇ. 75 ಅಥವಾ ಶೇ. 90 ನೆರಳಿನದ್ದು ಕೇಳಿ. ಶೀಟಿಗಿಂತ ಒಂದಡಿ ಮೇಲೆ ಎಳೆದು ಕಟ್ಟಬೇಕು, ಶೀಟಿಗೆ ತಾಗಿಸಿದರೆ ಅರ್ಧ ಪ್ರಯೋಜನವೂ ಇಲ್ಲ. ಮುಂಗಾರು ಪೂರ್ವ ಗಾಳಿಮಳೆಗೆ ಹಾರಿ ಕರೆಂಟ್ ಲೈನಿಗೆ ಸಿಕ್ಕಿಕೊಳ್ಳದ ಹಾಗೆ ನೋಡಿಕೊಳ್ಳಿ.
- ಬಳ್ಳಿ: ಜಾಗ ಇದ್ದರೆ ಬಸಳೆ ಅಥವಾ ತೊಂಡೆ ಚಪ್ಪರವನ್ನು ಪಶ್ಚಿಮದ ಗೋಡೆಗೆ ಹಬ್ಬಿಸಬಹುದು. ನೆರಳೂ ಆಯಿತು, ಪದಾರ್ಥವೂ ಆಯಿತು.

ಶೀಟಿಗೆ ನೀರು ಬಿಡುವುದು, ಒದ್ದೆ ಗೋಣಿ ಹರಡುವುದು ಕೆಲವರ ಅಭ್ಯಾಸ. ತಂಪಾಗುವುದು ನಿಜ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ತುಂಬೆ ಡ್ಯಾಮಿನ ನೀರು ನಗರಕ್ಕೆ ಕುಡಿಯಲಿಕ್ಕೇ ಸಾಲದ ವರ್ಷಗಳನ್ನು ಕಂಡಿದ್ದೇವೆ. ಶೀಟೂ ಬೇಗ ತುಕ್ಕು ಹಿಡಿಯುತ್ತದೆ.

3. ಬಿಳಿ ಬಣ್ಣ

ಹೊಸ ಬಿಳಿ ಬಣ್ಣ ಬಿಸಿಲಿನ ಶೇ. 70ರಿಂದ 80ರಷ್ಟನ್ನು ವಾಪಸ್ ಕಳಿಸುತ್ತದೆ. ಗಾಢ ಕೆಂಪು, ನೀಲಿ ಶೀಟು ಕಳಿಸುವುದು ಅದರ ಅರ್ಧವೂ ಇಲ್ಲ. ಅಹಮದಾಬಾದ್ 2013ರಲ್ಲಿ ದೇಶದಲ್ಲೇ ಮೊದಲಿಗೆ ಬಿಸಿಗಾಳಿ ಎದುರಿಸುವ ನಗರ ಯೋಜನೆ ಮಾಡಿತು. ನಂತರ ಅಲ್ಲಿನ ಬಡವರ ಮನೆಗಳ ಮಾಡಿಗೆ ಬಿಳಿ ಬಣ್ಣ ಬಳಿಯುವ ಕೆಲಸವೂ ನಡೆಯಿತು. ತೆಲಂಗಾಣ 2023ರಲ್ಲಿ ತಂಪು ಮಾಡಿಗೆಂದೇ ಪ್ರತ್ಯೇಕ ನೀತಿ ತಂದಿತು.

ಆದರೆ ಯಾವ ಮಾಡಿಗೆ ಯಾವ ಬಣ್ಣ ಎಂಬುದು ಮುಖ್ಯ.

- ಸಿಮೆಂಟ್ ಶೀಟು, ಆರ್‌ಸಿಸಿ ಟೆರೇಸ್: ಸುಣ್ಣ ಸಾಕು. ಫೆವಿಕಾಲ್‌ನಂಥ ಅಂಟು ಸ್ವಲ್ಪ ಸೇರಿಸಿದರೆ ಹಿಡಿದು ನಿಲ್ಲುತ್ತದೆ. ಒಂದು ಮಳೆಗಾಲಕ್ಕೆ ತೊಳೆದುಹೋಗುವುದು ಗ್ಯಾರಂಟಿ. ಪ್ರತಿ ವರ್ಷ ಫೆಬ್ರವರಿಯಲ್ಲಿ ಬಳಿಯಬೇಕು. ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ, ಕನ್ನಡಕ ಹಾಕಿಕೊಳ್ಳಿ.
- ಜಿಐ, ಅಲ್ಯೂಮಿನಿಯಂ, ಬಣ್ಣದ ಲೋಹದ ಶೀಟು: ಸುಣ್ಣ ಹಾಕಬೇಡಿ. ಹಸಿ ಸುಣ್ಣ ಸತುವಿನ ಲೇಪವನ್ನೂ ಅಲ್ಯೂಮಿನಿಯಂ ಅನ್ನೂ ತಿನ್ನುತ್ತದೆ. ತುಕ್ಕು ಉಜ್ಜಿ, ಲೋಹದ ಪ್ರೈಮರ್ ಬಳಿದು, ಹೊರಾಂಗಣದ ಬಿಳಿ ಪೇಂಟ್ ಅಥವಾ ಕೂಲ್ ರೂಫ್ ಪೇಂಟ್ ಎರಡು ಕೋಟ್ ಹಾಕಿ.

ಮಂಗಳೂರಿನ ಮಳೆಗೆ ಬಿಳಿ ಮಾಡಿನ ಮೇಲೆ ಪಾಚಿ ಹಿಡಿದು ಕಪ್ಪಾಗುತ್ತದೆ. ಕಪ್ಪಾದ ಬಿಳಿ ಬಣ್ಣ ಬಿಸಿಲು ತಡೆಯುವುದಿಲ್ಲ. ಲೋಹದ ಶೀಟಾದರೆ ಮಳೆಗಾಲ ಮುಗಿದ ಮೇಲೆ ಒಮ್ಮೆ ತೊಳೆಯುವ ಕೆಲಸವನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ. ಹೊಸ ಶೀಟು ಹಾಕಿಸುವವರು ಚಂದಕ್ಕೆ ಕೆಂಪು, ನೀಲಿ ಆರಿಸುವ ಬದಲು ಬಿಳಿ ಅಥವಾ ತಿಳಿ ಬಣ್ಣವನ್ನೇ ಕೇಳಿ ಪಡೆದರೆ ಆಮೇಲಿನ ಎಷ್ಟೋ ಖರ್ಚು ಉಳಿಯುತ್ತದೆ.

4. ಶೀಟಿನ ಕೆಳಗೆ ಫಾಯಿಲ್

ಇಷ್ಟಾದ ಮೇಲೂ ಸೆಕೆ ಇದ್ದರೆ, ಅಥವಾ ಬಾಡಿಗೆ ಅಂಗಡಿಯಾಗಿ ಮಾಡಿನ ಮೇಲೆ ಕೈ ಹಾಕಲು ಆಗದಿದ್ದರೆ, ಫಾಯಿಲ್ ಹಾಕಬಹುದು. ಚಹಾ ಫ್ಲಾಸ್ಕಿನ ಒಳಗೆ ಕನ್ನಡಿಯಂತೆ ಹೊಳೆಯುವ ಗಾಜು ಇರುವುದು ಯಾಕೋ, ಇದೂ ಅದೇ ಕಾರಣಕ್ಕೆ. ಹೊಳೆಯುವ ಅಲ್ಯೂಮಿನಿಯಂ ಮೈ ಶಾಖವನ್ನು ಹೊರಗೆ ಬೀರುವುದು ತೀರಾ ಕಡಿಮೆ.

ಅಂಗಡಿಯಲ್ಲಿ “97 ಪರ್ಸೆಂಟ್ ಹೀಟ್ ಕಟ್” ಅನ್ನುತ್ತಾರೆ. ಅದು ಫಾಯಿಲಿನ ಮೈಯ ಗುಣ ಮಾತ್ರ, ನಿಮ್ಮ ಅಂಗಡಿಯ ಸೆಕೆ ಶೇ. 97 ಇಳಿಯುತ್ತದೆ ಎಂದಲ್ಲ. ಫಾಯಿಲ್ ಕೆಲಸ ಮಾಡಬೇಕಾದರೆ ಅದರ ಹೊಳೆಯುವ ಮೈ ಎದುರು ಗಾಳಿಗೆ ಜಾಗ ಇರಲೇಬೇಕು. ಬರೀ ಫಾಯಿಲನ್ನು ಶೀಟಿಗೂ ಹಲಗೆಗೂ ನಡುವೆ ಒತ್ತಿ ಕೂರಿಸಿದರೆ ಹಾಕಿಯೂ ಹಾಕದ ಹಾಗೆ.

ಹಾಕುವ ಕ್ರಮ:

1. ಸೋರುವ ತೂತು, ಸಡಿಲವಾದ ಸ್ಕ್ರೂ ಮೊದಲು ಸರಿ ಮಾಡಿ. ಆಮೇಲೆ ಸೋರುವ ಜಾಗ ಹುಡುಕುವುದು ಕಷ್ಟ.
2. ಶೀಟು ಕೂರಿಸಿದ ಅಡ್ಡ ಪೈಪುಗಳ ಅಡಿಯಿಂದ ಒಂದೂವರೆ ಅಡಿಗೊಂದರಂತೆ ನೈಲಾನ್ ಹಗ್ಗ ಬಿಗಿಯಾಗಿ ಎಳೆಯಿರಿ. ಬಂದರಿನಲ್ಲಿ ಸಿಗುವ ಮೀನುಗಾರಿಕೆಯ ಹಗ್ಗ ಇದಕ್ಕೆ ಒಳ್ಳೆಯದು. ಉಪ್ಪುಗಾಳಿಗೆ ತುಕ್ಕಿಲ್ಲ, ಕರೆಂಟೂ ಹರಿಯುವುದಿಲ್ಲ.
3. ಹಗ್ಗದ ಮೇಲೆ ಫಾಯಿಲ್ ಹಾಸಿ. ಶೀಟಿಗೂ ಫಾಯಿಲಿಗೂ 2ರಿಂದ 4 ಇಂಚು ಅಂತರ ಇರಲಿ. ಒಂದೇ ಬದಿ ಹೊಳೆಯುವುದಾದರೆ ಆ ಬದಿ ಕೆಳಗೆ ಇರಲಿ, ಮೇಲಿದ್ದರೆ ಧೂಳು ಕೂತು ವರ್ಷದಲ್ಲೇ ಮಂಕಾಗುತ್ತದೆ.
4. ಒಂದರ ಮೇಲೊಂದು 2–3 ಇಂಚು ಬರುವಂತೆ ಜೋಡಿಸಿ ಟೇಪ್ ಹಾಕಿ.
5. ಗೋಡೆಯ ಬದಿಯಲ್ಲೂ ನೆತ್ತಿಯಲ್ಲೂ 2–3 ಇಂಚು ಸಂದಿ ಬಿಡಿ. ನಡುವಿನ ಬಿಸಿಗಾಳಿ ಅಲ್ಲಿಂದ ಕಿಂಡಿಗೆ ಹೋಗಬೇಕು.

ಬರೀ ತೆಳು ಫಾಯಿಲ್ ಹರಿಯುತ್ತದೆ. ನೇಯ್ದ ಪ್ಲಾಸ್ಟಿಕ್ ಹಾಳೆಗೆ ಅಂಟಿಸಿದ ಫಾಯಿಲ್ ಅಥವಾ ಬಬಲ್ ಫಾಯಿಲ್ ಬಾಳಿಕೆ ಬರುತ್ತದೆ. ಇವೂ ಬೆಂಕಿಗೆ ಉರಿಯುವಂಥವೇ, ಆದ್ದರಿಂದ ವೆಲ್ಡಿಂಗ್ ಮಾಡುವ ಜಾಗದ ನೇರ ಮೇಲೆ ಹಾಕಬೇಡಿ.

ಥರ್ಮಾಕೋಲ್ ಯಾಕೆ ಬೇಡ?

ಥರ್ಮಾಕೋಲ್ ಶಾಖ ತಡೆಯುವುದರಲ್ಲಿ ಒಳ್ಳೆಯದೇ, ಬೆಲೆಯೂ ಕಡಿಮೆ. ಆದರೆ ಗ್ಯಾರೇಜಿಗೆ ಅದು ಅಪಾಯಕಾರಿ. ಕಿಡಿ ತಾಗಿದರೆ ಕರಗಿ, ಉರಿಯುತ್ತಾ ಕೆಳಗೆ ತೊಟ್ಟಿಕ್ಕುತ್ತದೆ, ದಟ್ಟ ಕಪ್ಪು ಹೊಗೆ ಬರುತ್ತದೆ. ಪೆಟ್ರೋಲ್, ಥಿನ್ನರ್ ತಾಗಿದರೆ ಕರಗಿಯೇ ಹೋಗುತ್ತದೆ. ಪೆಟ್ರೋಲ್, ವೆಲ್ಡಿಂಗ್, ತಲೆ ಮೇಲೆ ಥರ್ಮಾಕೋಲ್ ಮೂರೂ ಒಟ್ಟಿಗೆ ಇರುವ ಗ್ಯಾರೇಜಿನಲ್ಲಿ ಬೆಂಕಿ ಬಿದ್ದರೆ ಓಡಲೂ ಸಮಯ ಸಿಗದು. ಸಾಲದ್ದಕ್ಕೆ ಇಲಿ, ಇರುವೆ ಗೂಡು ಕಟ್ಟುತ್ತವೆ, ಶೀಟಿನ ಬಿಸಿಗೆ ಅಂಟು ಬಿಟ್ಟು ಬೀಳುತ್ತದೆ.

ಬೆಂಕಿ ಭಯ ಇರುವಲ್ಲಿ ಗ್ಲಾಸ್ ವೂಲ್, ರಾಕ್ ವೂಲ್ ಸುರಕ್ಷಿತ, ಅವು ಉರಿಯುವುದಿಲ್ಲ. ಆದರೆ ಒದ್ದೆಯಾದರೆ ಪ್ರಯೋಜನ ಇಲ್ಲ. ಮಳೆಗಾಲದಲ್ಲಿ ಶೀಟಿನ ಅಡಿ ಬೆವರಿದ ಹಾಗೆ ನೀರು ಕೂಡುವ ನಮ್ಮೂರಿನಲ್ಲಿ ಸೋರಿಕೆ ಪೂರ್ತಿ ನಿಂತ ಮಾಡಿಗೆ ಮಾತ್ರ ಇದು ಸರಿ. ಹಾಕುವಾಗ ಮಾಸ್ಕ್, ಉದ್ದ ತೋಳಿನ ಅಂಗಿ, ಕೈಗವಸು ಬೇಕು.

ಕರೆಂಟ್ ಬಗ್ಗೆ ಎಚ್ಚರ

ಫಾಯಿಲಿನಲ್ಲಿ ಕರೆಂಟ್ ಹರಿಯುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆಸ್ಟ್ರೇಲಿಯಾ ಸರಕಾರ 2009ರಲ್ಲಿ ಮನೆಗಳ ಅಟ್ಟಕ್ಕೆ ಶಾಖ ತಡೆ ಹಾಕಿಸುವ ದೊಡ್ಡ ಯೋಜನೆ ಶುರು ಮಾಡಿತು. ಕೆಲವೇ ತಿಂಗಳಲ್ಲಿ 4 ಮಂದಿ ಯುವ ಕೆಲಸಗಾರರು ಪ್ರಾಣ ಕಳೆದುಕೊಂಡರು. ಮೂವರು ಕರೆಂಟ್ ಹೊಡೆದು, ಒಬ್ಬರು ಅಟ್ಟದ ವಿಪರೀತ ಸೆಕೆಗೆ. ಫಾಯಿಲಿಗೆ ಹೊಡೆದ ಲೋಹದ ಪಿನ್ ವೈರಿಗೆ ಚುಚ್ಚಿದ್ದೂ ಇದಕ್ಕೆ ಕಾರಣವಾಗಿತ್ತು. 2010ರ ಫೆಬ್ರವರಿಯಲ್ಲಿ ಯೋಜನೆಯನ್ನೇ ನಿಲ್ಲಿಸಲಾಯಿತು.

ಹಾಗಾಗಿ:

- ಕೆಲಸ ಶುರು ಮಾಡುವ ಮೊದಲು ಮೈನ್ ಸ್ವಿಚ್ ಆಫ್ ಮಾಡಿ. ಲೈಟಿನ ಸ್ವಿಚ್ ಆಫ್ ಮಾಡಿದರೆ ಸಾಲದು.
- ಶೀಟಿನ ಅಡಿ ಓಡುವ ಸಡಿಲ ವೈರುಗಳನ್ನು ಮೊದಲು ಪೈಪಿನೊಳಗೆ ಹಾಕಿಸಿ. ಇಲಿ ಕಚ್ಚಿದ ವೈರ್ ಇದ್ದರೆ ಬದಲಾಯಿಸಿ.
- ಪಿನ್, ಮೊಳೆ ಬೇಡ. ಹಗ್ಗ, ಟೇಪ್ ಸಾಕು.
- 30 ಮಿಲಿ ಆಂಪಿಯರ್‌ನ ಇಎಲ್‌ಸಿಬಿ ಇಲ್ಲದ ಗ್ಯಾರೇಜಿಗೆ ಫಾಯಿಲ್‌ಗಿಂತ ಮೊದಲು ಅದನ್ನು ಹಾಕಿಸಿ.
- ಕೆಲಸ ಬೆಳಿಗ್ಗೆ 10ರೊಳಗೆ ಮುಗಿಸಿ. ಮಧ್ಯಾಹ್ನ ಶೀಟಿನ ಅಡಿ ಏಣಿ ಹತ್ತಬೇಡಿ, ಒಬ್ಬರೇ ಹತ್ತಬೇಡಿ.

ಹಳೆ ಸಿಮೆಂಟ್ ಶೀಟು ಇದ್ದರೆ

ಹಳೆಯ ಬೂದು ಬಣ್ಣದ ಸಿಮೆಂಟ್ ಶೀಟುಗಳಲ್ಲಿ ಹೆಚ್ಚಿನವು ಆಸ್ಬೆಸ್ಟಾಸ್. ಅದರ ನಾರು ಉಸಿರಿನೊಳಗೆ ಹೋದರೆ ಕ್ಯಾನ್ಸರ್ ಬರಬಹುದು, ಯಾವ ಬಗೆಯ ಆಸ್ಬೆಸ್ಟಾಸ್ ಕೂಡ ಸುರಕ್ಷಿತ ಅಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಶೀಟು ಸುಮ್ಮನೆ ಇದ್ದರೆ ನಾರು ಏಳುವುದು ಕಡಿಮೆ. ತೂತು ಕೊರೆಯುವುದು, ಕತ್ತರಿಸುವುದು, ಒಣಗಿದ ಪಾಚಿಯನ್ನು ತಂತಿ ಬ್ರಶ್‌ನಲ್ಲಿ ಉಜ್ಜುವುದು ಬೇಡ. ಒದ್ದೆ ಮಾಡಿ ಮೆತ್ತಗೆ ಒರೆಸಿ, ಅದರ ಮೇಲೆ ಸುಣ್ಣ ಬಳಿಯಿರಿ.

ಇನ್ನೊಂದು ವಿಷಯ: ಈ ಶೀಟಿನ ಮೇಲೆ ನೇರ ಕಾಲಿಡಬೇಡಿ. ಹಳೆಯದಾದಂತೆ ಬಿಸ್ಕತ್ತಿನ ಹಾಗೆ ಒಡೆಯುತ್ತದೆ. ಅಗಲದ ಹಲಗೆ ಹಾಕಿ ಅದರ ಮೇಲೆ ನಡೆಯಬೇಕು.

ಖರ್ಚಿನ ಲೆಕ್ಕ ಹೀಗೆ ಮಾಡಿ

ಅಂಗಡಿಗೆ ಹೋಗುವ ಮೊದಲು ಮಾಡಿನ ಉದ್ದ, ಇಳಿಜಾರಿನ ಅಳತೆ ತೆಗೆದುಕೊಳ್ಳಿ. ನೆಲದ ಅಳತೆ ಸಾಲದು, ಇಳಿಜಾರಿನಲ್ಲಿ ಅದು ಹೆಚ್ಚಾಗುತ್ತದೆ. ಪೇಂಟ್ ಮಾಡುವುದಾದರೆ ಶೀಟಿನ ಅಲೆಗೆ ಸುಮಾರು ಶೇ. 15 ಸೇರಿಸಿ. ಫಾಯಿಲಿಗಾದರೆ ಜೋಡಣೆಗೆ, ತುಂಡಿಗೆ ಶೇ. 10 ಸೇರಿಸಿ.

ಉದಾಹರಣೆಗೆ ಮಾಡು 220 ಚದರ ಅಡಿ ಇದ್ದರೆ ಫಾಯಿಲ್ ಬೇಕಾಗುವುದು ಸುಮಾರು 242 ಚದರ ಅಡಿ. ಅಂಗಡಿಯವರು ಚದರ ಅಡಿಗೆ 15 ರೂ. ಎಂದರೆ 3,630 ರೂ., 25 ರೂ. ಎಂದರೆ 6,050 ರೂ. ಆಗುತ್ತದೆ. ಮೇಲೆ ಹಗ್ಗ, ಟೇಪ್, ಕೂಲಿ. ರೇಟ್ ಕೇಳುವಾಗ ರೋಲಿಗೆ ಎಷ್ಟು ಎಂದು ಕೇಳದೆ ಚದರ ಅಡಿಗೆ ಎಷ್ಟು ಎಂದೇ ಕೇಳಿ. ಕನಿಷ್ಠ ಎರಡು ಕಡೆ ವಿಚಾರಿಸಿ.

ಪೂರ್ತಿ ಹಾಕುವ ಮೊದಲು ಎರಡು ಶೀಟಿನಷ್ಟು ಜಾಗಕ್ಕೆ ಮಾತ್ರ ಹಾಕಿ ನೋಡಿ. ಮಧ್ಯಾಹ್ನ 1 ಗಂಟೆಗೆ ಅದರ ಕೆಳಗೆ ಐದು ನಿಮಿಷ, ಪಕ್ಕದ ಬರೀ ಶೀಟಿನ ಕೆಳಗೆ ಐದು ನಿಮಿಷ ನಿಂತರೆ ವ್ಯತ್ಯಾಸ ತಲೆಗೇ ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಹಾಕಿದ ಕ್ರಮ ತಪ್ಪಿದೆ ಎಂದರ್ಥ, ಪೂರ್ತಿ ಹಣ ಹಾಕುವ ಮೊದಲೇ ಸರಿ ಮಾಡಬಹುದು.

ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

*ಬಾಡಿಗೆ ಅಂಗಡಿ. ನಾವು ಯಾಕೆ ಖರ್ಚು ಮಾಡಬೇಕು?*
ಬಣ್ಣ, ಕಿಂಡಿ ಕಟ್ಟಡಕ್ಕೆ ಉಳಿಯುವಂಥದ್ದು, ಮಾಲೀಕರ ಹತ್ತಿರ ಮಾತಾಡಿ ಒಪ್ಪಿಗೆ ತೆಗೆದುಕೊಂಡೇ ಮಾಡಿ. ಹಗ್ಗದ ಮೇಲೆ ಹಾಸಿದ ಫಾಯಿಲ್, ಶೇಡ್ ನೆಟ್ ಬಿಟ್ಟು ಹೋಗುವಾಗ ಬಿಚ್ಚಿಕೊಂಡು ಹೋಗಬಹುದು.

*ನಮ್ಮದು ಆರ್‌ಸಿಸಿ ಟೆರೇಸ್. ರಾತ್ರಿಯೂ ಸೆಕೆ, ಯಾಕೆ?*
ಹಗಲು ಕಾದ ಕಾಂಕ್ರೀಟ್ ರಾತ್ರಿ ನಿಧಾನಕ್ಕೆ ಶಾಖ ಬಿಡುತ್ತದೆ. ಟೆರೇಸಿಗೆ ಸುಣ್ಣ ಅಥವಾ ಬಿಳಿ ಬಣ್ಣ ಬಳಿಯಿರಿ. ಮಳೆಗೆಂದು ಟೆರೇಸ್ ಮೇಲೆ ಶೀಟು ಹಾಕಿದ್ದರೆ ಅದು ನೆರಳೂ ಕೊಡುತ್ತದೆ, ಬದಿಗಳನ್ನು ಮುಚ್ಚದೆ ಗಾಳಿಗೆ ಬಿಡಿ.

*ಪಿವಿಸಿ ಫಾಲ್ಸ್ ಸೀಲಿಂಗ್ ಹಾಕಿದರೆ ಆಗುತ್ತದಾ?*
ಅಂಗಡಿಗೆ ಆಗುತ್ತದೆ. ಅದರ ಮೇಲಿನ ಬಿಸಿಗಾಳಿ ಹೊರಗೆ ಹೋಗಲು ಕಿಂಡಿ ಬೇಕು. ವೆಲ್ಡಿಂಗ್ ಇರುವ ಗ್ಯಾರೇಜಿಗೆ ಬೇಡ. ಜಿಪ್ಸಂ ಬೋರ್ಡ್ ಸೋರುವ ಮಾಡಿನ ಕೆಳಗೆ ಉಳಿಯುವುದಿಲ್ಲ.

*ಇದೆಲ್ಲ ಮಾಡಿದರೆ ಎಸಿ ಹಾಗೆ ತಂಪಾಗುತ್ತದಾ?*
ಇಲ್ಲ. ಹೊರಗೆ ನೆರಳಿನಲ್ಲಿ ಎಷ್ಟು ಸೆಕೆ ಇದೆಯೋ ಅಷ್ಟಕ್ಕೆ ಇಳಿಯಬಹುದು, ಅದಕ್ಕಿಂತ ಕೆಳಗೆ ಬಾರದು. ಆದರೆ ಮರದ ನೆರಳಲ್ಲಿ ಫ್ಯಾನ್ ಹಾಕಿ ಕೂತ ಹಾಗೆ ಆದರೂ ಮಧ್ಯಾಹ್ನದ ಕೆಲಸ ನಡೆಯುತ್ತದೆ.

ಯಾವ ತಿಂಗಳಲ್ಲಿ ಯಾವ ಕೆಲಸ

- ನವೆಂಬರ್–ಡಿಸೆಂಬರ್: ಪಾಚಿ ತೆಗೆಯುವುದು, ತುಕ್ಕು ಮತ್ತು ಸೋರಿಕೆ ಸರಿ ಮಾಡುವುದು, ವೈರಿಂಗ್ ನೋಡಿಸುವುದು.
- ಜನವರಿ–ಫೆಬ್ರವರಿ: ಕಿಂಡಿ, ಬಣ್ಣ, ಫಾಯಿಲ್. ಬಣ್ಣ ಒಣಗಲು ಒಳ್ಳೆಯ ಕಾಲ, ಏಣಿ ಹತ್ತುವವರಿಗೂ ಸೆಕೆ ಕಡಿಮೆ.
- ಮಾರ್ಚ್: ಶೇಡ್ ನೆಟ್, ಸೋಗೆ ಚಪ್ಪರ.
- ಮೇ ಮೂರನೇ ವಾರ: ನೆಟ್, ಸೋಗೆ ಬಿಚ್ಚುವುದು. ಜೂನ್ ಮೊದಲ ವಾರ ಮುಂಗಾರು ಬರುವ ಹೊತ್ತಿಗೆ ಮಾಡಿನ ಮೇಲೆ ಹಾರುವಂಥದ್ದು ಏನೂ ಇರಬಾರದು.

ಶೀಟಿನ ಕೆಳಗೆ ಕೆಲಸ ಮಾಡುವವರಿಗೆ ತಲೆ ಸುತ್ತುವುದು, ವಾಂತಿ, ಮಾತು ತೊದಲುವುದು, ಮೈ ಸುಡುವಷ್ಟು ಬಿಸಿಯಾಗುವುದು ಕಂಡರೆ ಕೂಡಲೇ ನೆರಳಿಗೆ ಕರೆತಂದು ಮೈಗೆ ನೀರು ಹಾಕಿ ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಶೇಡ್ ನೆಟ್ ಅಥವಾ ಶೀಟು ಹಾರಿ ಕರೆಂಟ್ ಲೈನಿಗೆ ಬಿದ್ದರೆ ಮುಟ್ಟದೆ ಮೆಸ್ಕಾಂ ಸಹಾಯವಾಣಿ 1912ಕ್ಕೆ ತಿಳಿಸಿ.